ಟೆನಿಸ್ ಬ್ರೇಸ್‌ಲೆಟ್: ಕೊಳ್ಳುವ ಮುನ್ನ ಮಗುಚಿ ನೋಡಿ

ಒಡವೆ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಮಲಗಿಸಿದ ಟೆನಿಸ್ ಬ್ರೇಸ್‌ಲೆಟ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಎಲ್ಲದರಲ್ಲೂ ಒಂದೇ ಅಳತೆಯ ಹರಳುಗಳ ಒಂದೇ ಸಾಲು, ಮೇಲಿನಿಂದ ನೋಡಿದರೆ ಲೋಹವೇ ಕಾಣದಷ್ಟು ಒತ್ತಾಗಿ. ಆದರೂ ಒಂದರ ಚೀಟಿಯಲ್ಲಿ ಎಂಬತ್ತು ಸಾವಿರ, ಪಕ್ಕದ್ದರಲ್ಲಿ ಆರು ಲಕ್ಷ ಇರಬಹುದು. ಈ ಅಂತರದ ದೊಡ್ಡ ಪಾಲು ಹರಳಿನದು. ಉಳಿದದ್ದು ಹರಳಿನ ಹಿಂದೆ ಅಡಗಿರುತ್ತದೆ: ಕೀಲುಗಳಲ್ಲಿ, ಹರಳು ಕೂರುವ ಮನೆಗಳಲ್ಲಿ, ಕೊಂಡಿಯಲ್ಲಿ. ಕೊಳ್ಳುವವರು ಹರಳನ್ನು ಕುರಿತು ಗಂಟೆಗಟ್ಟಲೆ ವಿಚಾರಿಸುತ್ತಾರೆ, ಹಿಂಬದಿಯನ್ನು ಕುರಿತು ಕೇಳುವುದೇ ಇಲ್ಲ. ಒಡವೆ ಎಷ್ಟು ವರ್ಷ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಆ ಹಿಂಬದಿಯೇ.

ಈ ಒಡವೆಗೆ ಹೆಸರು ಬಂದದ್ದೂ ಕೊಂಡಿ ಕೈಕೊಟ್ಟದ್ದರಿಂದ. ಅಮೆರಿಕದ ಟೆನಿಸ್ ತಾರೆ ಕ್ರಿಸ್ ಎವರ್ಟ್ ಅಂಕಣದಲ್ಲೂ ಒಡವೆ ತೊಟ್ಟೇ ಆಡುತ್ತಿದ್ದವರು. ಯುಎಸ್ ಓಪನ್ ಪಂದ್ಯವೊಂದರ ನಡುವೆ ಅವರ ಮಣಿಕಟ್ಟಿನ ವಜ್ರದ ಸಾಲು ಕಳಚಿ ನೆಲಕ್ಕೆ ಬಿತ್ತು. ಅದರ ಸುದ್ದಿ ಹಬ್ಬಿತು, ಒಡವೆಗೆ ಆಟದ ಹೆಸರೇ ಅಂಟಿತು. ಬಹಳ ಕಡೆ ಇದು 1987ರ ಘಟನೆ ಎಂದು ಅಚ್ಚಾಗಿದೆ. ಎವರ್ಟ್ ಅವರೇ ಈಚೆಗೆ ಹೇಳಿರುವ ಪ್ರಕಾರ ಅದು 1978. ಯುಎಸ್ ಓಪನ್ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಅಂಕಣ ಬಿಟ್ಟು ಫ್ಲಶಿಂಗ್ ಮೆಡೋಸ್‌ಗೆ ಬಂದ ಮೊದಲ ವರ್ಷ ಅದು. ಎವರ್ಟ್ ಸತತ ನಾಲ್ಕನೆಯ ಬಾರಿ ಪ್ರಶಸ್ತಿ ಗೆದ್ದ ವರ್ಷವೂ ಹೌದು. 1987ರಲ್ಲಿ ಅವರು ಕ್ವಾರ್ಟರ್‌ಫೈನಲ್‌ನಲ್ಲೇ ಲೋರಿ ಮೆಕ್‌ನೀಲ್ ಎದುರು ಸೋತಿದ್ದರು. ಮಾರಾಟಗಾರರು ಹೇಳುವ ಕಥೆಯಲ್ಲಿ ಇಸವಿ ತಪ್ಪಿದರೂ ಕೊಂಡಿ ಕಳಚಿದ್ದು ತಪ್ಪಲ್ಲ.

ಹೆಸರಿಗಿಂತ ಒಡವೆ ಹಳೆಯದು. 1920ರ ದಶಕದ ಆರ್ಟ್ ಡೆಕೊ ಕಾಲದಲ್ಲೇ ಪ್ಲಾಟಿನಂನಲ್ಲಿ ಕಟ್ಟಿದ ಇಂಥ ನೇರ ಸಾಲಿನ ಬ್ರೇಸ್‌ಲೆಟ್‌ಗಳನ್ನು ಯುರೋಪು, ಅಮೆರಿಕದ ಹೆಂಗಸರು ಒಂದೇ ಕೈಗೆ ಮೂರು ನಾಲ್ಕು ತೊಡುತ್ತಿದ್ದರು. ನೂರು ವರ್ಷ ಕಳೆದರೂ ವಿನ್ಯಾಸ ಹೆಚ್ಚು ಬದಲಾಗಿಲ್ಲ, ಬದಲಾಗಬೇಕಾದ ಅಂಶವೂ ಅದರಲ್ಲಿ ಕಡಿಮೆ. ಹೂವಿಲ್ಲ, ಬಳ್ಳಿಯಿಲ್ಲ, ನಡುವೆ ಪದಕವಿಲ್ಲ. ಕಾಲದ ಗುರುತು ಹಚ್ಚುವ ಅಲಂಕಾರ ಯಾವುದೂ ಇಲ್ಲದ್ದರಿಂದ ಅದು ಹಳತಾಗುವುದಿಲ್ಲ. ಪ್ರತಿ ಹರಳೂ ತನ್ನದೇ ಕೀಲಿನ ಮೇಲೆ ಆಡುವುದರಿಂದ ಕೈ ಅಲುಗಿದಂತೆಲ್ಲ ಬೆಳಕು ಬೇರೆ ಬೇರೆ ಹರಳಿನಿಂದ ಚಿಮ್ಮುತ್ತದೆ. ಬಳೆಯ ಹಾಗೆ ಸದ್ದು ಮಾಡುವುದಿಲ್ಲ, ಕಂಪ್ಯೂಟರಿನ ಕೀಲಿಮಣೆಗೆ ಬಡಿಯುವುದಿಲ್ಲ, ತುಂಬುತೋಳಿನ ಅಂಗಿಯೊಳಗೆ ಸರಿದು ಹೋಗುತ್ತದೆ. ಮದುವೆಗೂ ಕಚೇರಿಗೂ ಒಂದೇ ಒಡವೆ ಸಾಕೆನ್ನುವವರಿಗೆ ಹಿಡಿಸುವುದು ಇದೇ ಗುಣ.

ನಮ್ಮಲ್ಲಿ ವಜ್ರವೆಂದರೆ ಬಹುಕಾಲ ಏಳು ಹರಳಿನ ಓಲೆ, ಬೇಸರಿ, ಹೆಚ್ಚೆಂದರೆ ಉಂಗುರ. ಓಲೆಯ ಹರಳಿಗೆ ಏಟು ಬೀಳುವ ಪ್ರಸಂಗ ಕಡಿಮೆ. ಮಣಿಕಟ್ಟು ಹಾಗಲ್ಲ, ಬಾಗಿಲು, ಮೇಜು, ಬಸ್ಸಿನ ಕಂಬಿ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲಕ್ಕೂ ತಗಲುತ್ತದೆ. ಆದ್ದರಿಂದ ಓಲೆ ಕೊಳ್ಳುವಾಗ ಅಜ್ಜಿ ಕಲಿಸಿದ ಪರೀಕ್ಷೆಗಳು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ.

ಮೊದಲು ತೀರ್ಮಾನಿಸಬೇಕಾದದ್ದು: ಯಾವ ಹರಳು?

ನಾಲ್ಕು ದಾರಿಗಳಿವೆ. ಗಣಿಯ ವಜ್ರ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ, ಮೊಯ್ಸನೈಟ್, ಕ್ಯೂಬಿಕ್ ಜಿರ್ಕೋನಿಯ. ಕೊನೆಯದು ನಮ್ಮ ಅಂಗಡಿಗಳಲ್ಲಿ ‘ಅಮೆರಿಕನ್ ಡೈಮಂಡ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದು ವಜ್ರವಲ್ಲ, ಅಮೆರಿಕಕ್ಕೂ ಅದಕ್ಕೂ ವಿಶೇಷ ನಂಟಿಲ್ಲ. ವಜ್ರಕ್ಕಿಂತ ಮೆತ್ತಗಿನ ವಸ್ತುವಾದ್ದರಿಂದ ದಿನವೂ ತೊಟ್ಟರೆ ಕೆಲವೇ ವರ್ಷಗಳಲ್ಲಿ ಅಂಚುಗಳು ಸವೆದು ಮಂಕಾಗುತ್ತದೆ. ಹಬ್ಬಕ್ಕೊಮ್ಮೆ ತೊಡಲು, ಅಥವಾ ಈ ಆಕಾರ ಕೈಗೆ ಒಪ್ಪುತ್ತದೆಯೇ ಎಂದು ನೋಡಲು ಬೆಳ್ಳಿಯಲ್ಲಿ ಕಟ್ಟಿದ ಅಂಥದ್ದೊಂದು ಸಾಕು.

ಮೊಯ್ಸನೈಟ್ ಪ್ರಯೋಗಾಲಯದಲ್ಲಿ ತಯಾರಿಸುವ, ವಜ್ರವನ್ನು ಹೋಲುವ ಗಟ್ಟಿಮುಟ್ಟಾದ ಬೇರೆಯೇ ಹರಳು. ಮೋಸ್ ಎಂಬ ಗಟ್ಟಿತನದ ಮಾಪಕದಲ್ಲಿ ವಜ್ರದ ಕಾಠಿಣ್ಯ 10 ಆದರೆ ಇದರದು 9.25. ಕಾಮನಬಿಲ್ಲಿನ ಬಣ್ಣಗಳನ್ನು ವಜ್ರಕ್ಕಿಂತ ಹೆಚ್ಚಾಗಿಯೇ ಚೆಲ್ಲುತ್ತದೆ. ಒಂದೇ ಹರಳಿನ ಉಂಗುರದಲ್ಲಿ ಅದು ಚೆಂದ ಎನಿಸಬಹುದು. ಐವತ್ತು ಅರವತ್ತು ಹರಳು ಒಟ್ಟಿಗೆ ಬಣ್ಣ ಚೆಲ್ಲಿದರೆ ನನಗಂತೂ ತುಸು ಅತಿಯಾಗಿ ಕಾಣುತ್ತದೆ. ರುಚಿಯ ಪ್ರಶ್ನೆ, ನೀವೇ ಬಿಸಿಲಿನಲ್ಲಿ ಹಿಡಿದು ನೋಡಿ.

ಪ್ರಯೋಗಾಲಯದ ವಜ್ರ ನಿಜವಾದ ವಜ್ರವೇ. ರಾಸಾಯನಿಕವಾಗಿ ಅದೂ ಇಂಗಾಲ, ಅಷ್ಟೇ ಗಟ್ಟಿ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಬೆಲೆ ನಿಲ್ಲುವುದಿಲ್ಲ. ವಜ್ರದ ಗಣಿಗಳ ದೊಡ್ಡ ಕಂಪನಿಯಾದ ಡಿ ಬಿಯರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಇಂಥ ವಜ್ರಗಳನ್ನು ಕ್ಯಾರೆಟ್‌ಗೆ 800 ಡಾಲರಿನಂತೆ ಮಾರಲು ಹೊರಟಾಗ ಅದೇ ಬಹಳ ಅಗ್ಗ ಎನಿಸಿತ್ತು. ಮುಂದೆ ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿಳಿಯಿತು, 2025ರಲ್ಲಿ ಕಂಪನಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಅದೇ ವರ್ಷ, ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಜಿಐಎ ಸಂಸ್ಥೆ ಬೆಳೆಸಿದ ವಜ್ರಗಳಿಗೆ ಗಣಿಯ ವಜ್ರದಂತೆ ಬಣ್ಣ, ಶುಭ್ರತೆಯ ಅಕ್ಷರದರ್ಜೆ ಕೊಡುವುದನ್ನು ನಿಲ್ಲಿಸಿ ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ವರ್ಗ ಮಾಡಿತು. ಅಂಥದ್ದೇ ಇನ್ನೊಂದು ಸಂಸ್ಥೆಯಾದ ಐಜಿಐ ಮಾತ್ರ ಹಳೆಯ ಪದ್ಧತಿಯಲ್ಲೇ ಪ್ರಮಾಣಪತ್ರ ಕೊಡುತ್ತಿದೆ.

ಟೆನಿಸ್ ಬ್ರೇಸ್‌ಲೆಟ್ ವಿಷಯದಲ್ಲಿ ನನ್ನ ಒಲವು ಬೆಳೆಸಿದ ವಜ್ರದ ಕಡೆಗೇ. ಇಲ್ಲಿ ಬೇಕಾದದ್ದು ಅಪರೂಪದ ಒಂದು ಹರಳಲ್ಲ, ಒಂದರಂತೆ ಇನ್ನೊಂದಿರುವ ಹಲವು ಹರಳು. ಉಳಿದ ಹಣವನ್ನು ಒಳ್ಳೆಯ ಲೋಹಕ್ಕೂ ಒಳ್ಳೆಯ ಕೆಲಸಕ್ಕೂ ಹಾಕಬಹುದು. ಆದರೆ ಮಗಳಿಗೆ ಬರೆದಿಡುವ ಆಸ್ತಿ, ಕಷ್ಟಕಾಲಕ್ಕೆ ಆಗುವ ಗಂಟು ಎಂದು ಕೊಳ್ಳುವುದಾದರೆ ಅದು ಬೇಡ. ಮರಳಿ ಮಾರುವಾಗ ಚಿನ್ನದ ಬೆಲೆ ಸಿಗುತ್ತದೆ, ಬೆಳೆಸಿದ ಹರಳಿಗೆ ಹೆಚ್ಚೇನೂ ಸಿಗುವುದಿಲ್ಲ. ಗಣಿಯ ವಜ್ರದ ಸಣ್ಣ ಹರಳುಗಳಿಗೂ ಮರುಮಾರಾಟದಲ್ಲಿ ಕೊಟ್ಟ ಬೆಲೆ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ಅಂಗಡಿಯವರು ಪೆನ್ನಿನಂಥ ಯಂತ್ರವನ್ನು ಹರಳಿಗೆ ಮುಟ್ಟಿಸಿ ‘ಬೀಪ್’ ಎನಿಸಿ ತೋರಿಸಿದರೆ ಮರುಳಾಗಬೇಡಿ. ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನಷ್ಟೇ ಅಳೆಯುವ ಯಂತ್ರ ಮೊಯ್ಸನೈಟನ್ನೂ ವಜ್ರವೆಂದೇ ಕೂಗುತ್ತದೆ. ಬೆಳೆಸಿದ ವಜ್ರಕ್ಕೆ ಕೂಗುವುದಂತೂ ಸರಿಯೇ, ಅದು ವಜ್ರವಲ್ಲವೇ. ಗಣಿಯದೋ ಬೆಳೆಸಿದ್ದೋ ಎಂದು ಹೇಳಲು ಬೇರೆಯೇ ಉಪಕರಣ ಬೇಕು. ಸಣ್ಣ ಹರಳುಗಳ ರಾಶಿಯಲ್ಲಿ ಬೆಳೆಸಿದ ವಜ್ರ ಹೇಳದೆ ಬೆರೆತುಹೋಗುವ ಸಮಸ್ಯೆ ವಜ್ರದ ವ್ಯಾಪಾರವನ್ನು ವರ್ಷಗಳಿಂದ ಕಾಡುತ್ತಿದೆ. ಗಣಿಯ ವಜ್ರದ ಬೆಲೆ ಕೊಡುವವರು ‘ಹರಳುಗಳೆಲ್ಲ ಯಂತ್ರದಲ್ಲಿ ತಪಾಸಣೆಯಾಗಿವೆಯೇ’ ಎಂದು ಕೇಳಬೇಕು, ‘ನೈಸರ್ಗಿಕ’ ಎಂಬ ಪದವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಎಷ್ಟು ದಪ್ಪದ ಸಾಲು?

ಚೀಟಿಯಲ್ಲಿರುವ ಕ್ಯಾರೆಟ್ ಒಟ್ಟು ಹರಳುಗಳ ತೂಕ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ; ಅದರ ನೂರನೆಯ ಒಂದು ಭಾಗವನ್ನು ವ್ಯಾಪಾರದಲ್ಲಿ ‘ಸೆಂಟ್’ ಎನ್ನುತ್ತಾರೆ. ಕ್ಯಾರೆಟ್ ಲೆಕ್ಕ ಹಿಡಿದು ಹೋದರೆ ಕಣ್ಣಿಗೆ ಕಾಣುವುದೇನೆಂದು ತಿಳಿಯುವುದಿಲ್ಲ, ಮಿಲಿಮೀಟರಿನಲ್ಲಿ ಕೇಳಿ. ದುಂಡನೆಯ ವಜ್ರದ ಅಗಲ 2 ಮಿ.ಮೀ. ಇದ್ದರೆ ತೂಕ ಸುಮಾರು 3 ಸೆಂಟ್, 3 ಮಿ.ಮೀ.ಗೆ ಸುಮಾರು 11 ಸೆಂಟ್, 4 ಮಿ.ಮೀ.ಗೆ 25 ಸೆಂಟ್. ಏಳು ಅಂಗುಲದ ಬ್ರೇಸ್‌ಲೆಟ್‌ಗೆ 2 ಮಿ.ಮೀ. ಹರಳು ಎಪ್ಪತ್ತೈದರ ಆಸುಪಾಸು ಬೇಕಾಗುತ್ತದೆ, ಒಟ್ಟು ಎರಡು ಎರಡೂಕಾಲು ಕ್ಯಾರೆಟ್. 3 ಮಿ.ಮೀ. ಆದರೆ ಐವತ್ತಕ್ಕೂ ಸ್ವಲ್ಪ ಹೆಚ್ಚು ಹರಳು, ಐದೂವರೆ ಕ್ಯಾರೆಟ್. 4 ಮಿ.ಮೀ. ಆದರೆ ನಲವತ್ತೇ ಹರಳು, ಆದರೆ ಹತ್ತು ಕ್ಯಾರೆಟ್. ಕಣ್ಣಿಗೆ ಒಂದು ಮಿಲಿಮೀಟರ್ ಹೆಚ್ಚಾದರೆ ಜೇಬಿಗೆ ಎಷ್ಟು ಹೆಚ್ಚಾಗುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ. ಅದೂ ಅಲ್ಲದೆ, ಹರಳು ದೊಡ್ಡದಾದಂತೆ ಒಂದು ಕ್ಯಾರೆಟ್ಟಿನ ದರವೂ ಏರುತ್ತದೆ.

ಎರಡರಿಂದ ಎರಡೂವರೆ ಮಿಲಿಮೀಟರ್ ದಿನಬಳಕೆಗೆ ಹೇಳಿಮಾಡಿಸಿದ ಅಳತೆ. ಸಪೂರ ಕೈಯಲ್ಲಿ ಅದೇ ಎದ್ದು ಕಾಣುತ್ತದೆ. ಮೂರು ದಾಟಿದರೆ ಸಮಾರಂಭದ ಒಡವೆ. ಇದೆಲ್ಲ ಕಣ್ಣಳತೆಗೆ ಸಿಗುವ ಸಂಗತಿಯಾದ್ದರಿಂದ ಎರಡು ಮೂರು ಅಳತೆಯವನ್ನು ಒಟ್ಟಿಗೆ ಕೈಮೇಲೆ ಇಟ್ಟುಕೊಂಡು ಕನ್ನಡಿಯಲ್ಲಿ ದೂರದಿಂದ ನೋಡಿ. ಹತ್ತಿರದಿಂದ ನೋಡಿದರೆ ಎಲ್ಲವೂ ಚಿಕ್ಕದಾಗಿಯೇ ತೋರುತ್ತದೆ.

ಇನ್ನೊಂದು ಎಚ್ಚರ: ಕೆಲವು ಬ್ರೇಸ್‌ಲೆಟ್‌ಗಳಲ್ಲಿ ಪುಟ್ಟ ಹರಳಿನ ಸುತ್ತ ಹೊಳೆಯುವ ಲೋಹದ ತಟ್ಟೆಯಿಟ್ಟು ದೊಡ್ಡ ಹರಳಿನಂತೆ ತೋರಿಸಿರುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಅಗ್ಗದ ಬೆಲೆಗೆ ದೊಡ್ಡ ನೋಟ. ಆದರೆ ನಾಲ್ಕು ಮಿಲಿಮೀಟರ್ ಸಾಲಿಗೆ ಒಂದೇ ಕ್ಯಾರೆಟ್ ಎಂದು ಚೀಟಿ ಹೇಳಿದರೆ ಕಾರಣ ಇದು ಎಂದು ಗೊತ್ತಿರಲಿ.

ದರ್ಜೆಗೆ ಎಷ್ಟು ಹಣ?

ವಿವಿಎಸ್ ಶುಭ್ರತೆ, ಇ ಎಫ್ ಬಣ್ಣ ಎಂದು ಮಾರಾಟಗಾರರು ಮೇಲಿನ ದರ್ಜೆಯಿಂದಲೇ ಆರಂಭಿಸುತ್ತಾರೆ. ಬಣ್ಣದ ದರ್ಜೆ ಡಿ ಅಕ್ಷರದಿಂದ ಮುಂದೆ ಹೋದಂತೆ ಹರಳಿನ ಹಳದಿ ಹೆಚ್ಚು; ಶುಭ್ರತೆ ವಿವಿಎಸ್, ವಿಎಸ್, ಎಸ್ಐ ಎಂದು ಇಳಿದಂತೆ ಒಳಗಿನ ಚುಕ್ಕೆ ಹೆಚ್ಚು. ಒಂದು ಕ್ಯಾರೆಟ್ಟಿನ ಒಂಟಿ ಹರಳಿಗೆ ಆ ಮಾತು ಸರಿ. ಮೂರು ಸೆಂಟಿನ ಹರಳಿನೊಳಗಿನ ಚುಕ್ಕೆಯನ್ನು ಭೂತಗನ್ನಡಿಯಿಲ್ಲದೆ ಯಾರೂ ಕಾಣಲಾರರು. ಬಿಳಿ ಲೋಹಕ್ಕೆ ಜಿ ಎಚ್ ಬಣ್ಣ, ಹಳದಿ ಚಿನ್ನಕ್ಕೆ ಐ ಜೆ ಆದರೂ ನಡೆಯುತ್ತದೆ. ಚಿನ್ನದ ಹಳದಿಯಲ್ಲಿ ಹರಳಿನ ನಸುಹಳದಿ ಮುಚ್ಚಿಹೋಗುತ್ತದೆ. ಶುಭ್ರತೆ ವಿಎಸ್ ಸಾಕು, ಎಸ್ಐ ಮೊದಲ ದರ್ಜೆಯಾದರೂ ಅಡ್ಡಿಯಿಲ್ಲ. ಆದರೆ ಎಸ್ಐ ದರ್ಜೆಯಲ್ಲಿ ಒಮ್ಮೊಮ್ಮೆ ಕಪ್ಪು ಚುಕ್ಕೆ ಇರುತ್ತದೆ. ಕಪ್ಪು ಚುಕ್ಕೆಯ ವಜ್ರ ಮನೆಗೆ ಆಗಿಬರುವುದಿಲ್ಲ ಎನ್ನುವ ಹಿರಿಯರಿದ್ದರೆ, ಒಂದು ದರ್ಜೆ ಮೇಲಕ್ಕೆ ಹೋಗುವುದು ಆಮೇಲಿನ ವಾದಕ್ಕಿಂತ ಅಗ್ಗ. ಪಚ್ಚೆಯ ಹರಳಿನಂತೆ ಉದ್ದುದ್ದ ಕತ್ತರಿಸಿದ ಆಯತಾಕಾರದ ವಜ್ರಗಳಲ್ಲಿ ಮಾತ್ರ ಒಳಗಿನದೆಲ್ಲ ಕಿಟಕಿಯಲ್ಲಿ ಕಂಡ ಹಾಗೆ ಕಾಣುತ್ತದೆ, ಅಲ್ಲಿ ಶುಭ್ರತೆಗೆ ಹಣ ಹಾಕಲೇಬೇಕು.

ದರ್ಜೆಗಿಂತ ಮುಖ್ಯವಾದದ್ದು ಎರಡಿದೆ. ಒಂದು, ಹರಳು ಕತ್ತರಿಸಿದ ರೀತಿ. ಕತ್ತರಿಕೆ ಸರಿಯಿಲ್ಲದ ಹರಳು ಎಷ್ಟೇ ಬಿಳಿಯಾಗಿದ್ದರೂ ನಡುವೆ ಕಪ್ಪಾಗಿ, ಸತ್ತಂತೆ ಕಾಣುತ್ತದೆ. ಎರಡು, ಹೊಂದಾಣಿಕೆ. ಜಗತ್ತಿನ ಬಹುಪಾಲು ವಜ್ರಗಳಿಗೆ ಹೊಳಪು ಕೊಡುವ ಸೂರತ್ತಿನಲ್ಲಿ ಸಣ್ಣ ಹರಳುಗಳನ್ನು ಜರಡಿ ಹಿಡಿದು ಅಳತೆವಾರು ಬೇರ್ಪಡಿಸುತ್ತಾರೆ, ಆಮೇಲೆ ಕಣ್ಣಿನಲ್ಲಿ ಬಣ್ಣ ಹೊಂದಿಸುತ್ತಾರೆ. ಈ ಕೆಲಸದಲ್ಲಿ ಅವಸರ ಮಾಡಿದ ಬ್ರೇಸ್‌ಲೆಟ್‌ನಲ್ಲಿ ಐವತ್ತರ ನಡುವೆ ಎರಡು ಹಳದಿ ಹರಳು ಹಲ್ಲಿನ ಸಾಲಿನಲ್ಲಿ ಹುಳುಕಿನಂತೆ ಎದ್ದು ಕಾಣುತ್ತವೆ.

ಪರೀಕ್ಷೆ ಸುಲಭ. ಅಂಗಡಿಯ ದೀಪಗಳ ಕೆಳಗೆ ಎಲ್ಲ ಹರಳೂ ಕುಣಿಯುತ್ತವೆ, ಆದ್ದರಿಂದ ಬಾಗಿಲ ಬಳಿ ಹಗಲು ಬೆಳಕಿಗೆ ಬನ್ನಿ. ಬಿಳಿ ಕಾಗದದ ಮೇಲೆ ಒಡವೆಯನ್ನು ಮಗುಚಿ ಇಟ್ಟು ಹಿಂಬದಿಯಿಂದ ಹರಳುಗಳ ಬಣ್ಣ ಹೋಲಿಸಿ. ಆಮೇಲೆ ನೆಟ್ಟಗೆ ಇಟ್ಟು, ತುಸು ದೂರದಿಂದ, ಕಣ್ಣು ಕಿರಿದು ಮಾಡಿ ಸಾಲಿನುದ್ದಕ್ಕೂ ನೋಡಿ. ಎಲ್ಲಿ ಕಣ್ಣು ತಡೆಯುತ್ತದೋ ಅಲ್ಲಿ ಬೇರೆ ಹರಳಿದೆ. ಐಜಿಐ, ಎಸ್‌ಜಿಎಲ್ ಮುಂತಾದ ಪರೀಕ್ಷಾ ಸಂಸ್ಥೆಗಳು ಇಡೀ ಒಡವೆಗೆ ಕೊಡುವ ವರದಿ ಒಂದೊಂದು ಹರಳಿನದಲ್ಲ; ಕಟ್ಟಿದ ಮೇಲೆ ನೋಡಿ ಬರೆದ ಒಟ್ಟು ಅಂದಾಜು. ಬೇಕೇ ಬೇಕು, ಆದರೆ ಕಣ್ಣಿಗೆ ಬದಲಿಯಲ್ಲ.

ಲೋಹ

ಕರ್ನಾಟಕದ ಮನೆಗಳಲ್ಲಿ 22 ಕ್ಯಾರೆಟ್, ಅಂದರೆ 916, ಅದಕ್ಕಿಂತ ಕಡಿಮೆ ಎಂದರೆ ಮೂಗು ಮುರಿಯುತ್ತಾರೆ. (ಚಿನ್ನದ ಮಾತಿನಲ್ಲಿ ಕ್ಯಾರೆಟ್ ಎಂದರೆ ಶುದ್ಧತೆ, ಹರಳಿನಂತೆ ತೂಕವಲ್ಲ.) ಇಲ್ಲಿ ಆ ಹಟ ಬಿಡಬೇಕು. ಹರಳನ್ನು ಹಿಡಿಯುವ ಪ್ರಾಂಗ್‌ಗಳು, ಎಂದರೆ ಸಣ್ಣ ಕೊಕ್ಕೆಗಳು, ಕೂದಲಿಗಿಂತ ಕೆಲವು ಪಟ್ಟು ದಪ್ಪ ಅಷ್ಟೇ. ಮೆತ್ತಗಿನ 22 ಕ್ಯಾರೆಟ್ ಚಿನ್ನದಲ್ಲಿ ಅವು ಬಹುಬೇಗ ಬಾಗುತ್ತವೆ. 18 ಕ್ಯಾರೆಟ್, ಅಂದರೆ 750 ಗುರುತಿನ ಚಿನ್ನ ಸರಿಯಾದದ್ದು. 14 ಕ್ಯಾರೆಟ್ಟಿನ 585 ಇನ್ನೂ ಗಟ್ಟಿ. ಅಮೆರಿಕದಲ್ಲಿ ಬಹಳಷ್ಟು ಟೆನಿಸ್ ಬ್ರೇಸ್‌ಲೆಟ್‌ಗಳು ಅದರಲ್ಲೇ ತಯಾರಾಗುತ್ತವೆ. ಅಲ್ಲಿನ ಬಂಧುಗಳು ತಂದುಕೊಟ್ಟ ಒಡವೆಯಲ್ಲಿ 585 ಕಂಡರೆ ಕಳಪೆಯೆಂದು ತಿಳಿಯಬೇಡಿ.

ಬಿಳಿ ಚಿನ್ನ ಹುಟ್ಟಿನಿಂದ ಅಷ್ಟು ಬಿಳಿಯಲ್ಲ. ಮೇಲೆ ರೋಡಿಯಂ ಎಂಬ ಬಿಳಿ ಲೋಹದ ಲೇಪವಿರುತ್ತದೆ, ಒಂದೆರಡು ವರ್ಷ ತೊಟ್ಟ ಮೇಲೆ ಅದು ಸವೆದು ಒಳಗಿನ ನಸುಹಳದಿ ಇಣುಕುತ್ತದೆ, ಮತ್ತೆ ಲೇಪ ಕೊಡಿಸಬೇಕಾಗುತ್ತದೆ. ಬಿಳುಪಿಗಾಗಿ ನಿಕ್ಕಲ್ ಬೆರೆಸಿದ್ದರೆ ಕೆಲವರ ಚರ್ಮಕ್ಕೆ ತುರಿಕೆ ಬರುತ್ತದೆ, ಅಂಥವರು ಪಲ್ಲಾಡಿಯಂ ಬೆರೆಸಿದ್ದನ್ನು ಕೇಳಿ ಪಡೆಯಬೇಕು. ಪ್ಲಾಟಿನಂಗೆ ಈ ತೊಂದರೆಗಳಿಲ್ಲ, ಆದರೆ ಅದು ತೂಕ, ಮಜೂರಿಯೂ ಜಾಸ್ತಿ. ಹಳದಿ ಚಿನ್ನಕ್ಕೆ ಲೇಪದ ಗೊಡವೆಯಿಲ್ಲ, ಕಡಿಮೆ ಬಣ್ಣದ ಹರಳೂ ಅದರಲ್ಲಿ ಚೆಂದ. ನಾನಾದರೆ ಅದನ್ನೇ ಆರಿಸುತ್ತೇನೆ.

ಮಗುಚಿ ನೋಡಬೇಕಾದ ಹೊತ್ತು

ಇಲ್ಲಿ ಸಮಯ ತೆಗೆದುಕೊಳ್ಳಿ. ಅಂಗಡಿಯವರು ಇನ್ನೊಂದು ಲೋಟ ಕಾಫಿ ತರಿಸಲಿ.

ಮೊದಲು ಮೇಜಿನ ಮೇಲೆ ನೇರವಾಗಿ ಹಾಸಿ. ಚೆನ್ನಾಗಿ ಮಾಡಿದ್ದು ತಿರುಚಿಕೊಳ್ಳದೆ ಗೆರೆ ಎಳೆದಂತೆ ಮಲಗುತ್ತದೆ. ಒಂದು ತುದಿ ಹಿಡಿದು ಎತ್ತಿದರೆ ಸರಾಗವಾಗಿ ಇಳಿಬೀಳಬೇಕು, ಎಲ್ಲಿಯೂ ಸೆಟೆದು ನಿಲ್ಲಬಾರದು. ಈಗ ಬೆರಳ ಮೇಲೆ ಬಳಸಿ: ಒಳಮುಖವಾಗಿ ಸುಲಭವಾಗಿ ಬಾಗಬೇಕು, ಆದರೆ ಅಕ್ಕಪಕ್ಕಕ್ಕೆ ಹಾವಿನಂತೆ ಹೊರಳಬಾರದು. ಪಕ್ಕಕ್ಕೆ ಬಹಳ ಆಡಿದರೆ ಕೀಲಿನ ಕಡ್ಡಿ ತೆಳು ಎಂದರ್ಥ; ಅಂಥದ್ದು ಬೇಗ ಸವೆಯುತ್ತದೆ, ಕೈಮೇಲೆ ಮಗುಚಿಕೊಳ್ಳುತ್ತದೆ.

ಆಮೇಲೆ ಹರಳಿನ ಹಿಡಿತ. ನಾಲ್ಕು ಪ್ರಾಂಗ್ ಇರುವುದು ಸಾಮಾನ್ಯ ಮತ್ತು ಸುರಕ್ಷಿತ. ಮೂರು ಪ್ರಾಂಗ್ ಇದ್ದರೆ ಲೋಹ ಕಡಿಮೆ ಕಾಣುತ್ತದೆ, ಹರಳು ಮೆರೆಯುತ್ತದೆ; ಒಂದು ಸಡಿಲವಾದರೆ ಮಾತ್ರ ಹರಳು ಹೋದ ಹಾಗೆಯೇ. ಪ್ರತಿ ಹರಳಿನ ಸುತ್ತ ಲೋಹದ ಕಟ್ಟೆ ಕಟ್ಟಿದ ಬೆಜೆಲ್ ಬಗೆಯಲ್ಲಿ ಹೊಳಪು ತುಸು ಕಡಿಮೆ, ಆದರೆ ಮಗುವನ್ನು ಎತ್ತುವವರಿಗೆ, ಕೈಕೆಲಸ ಹೆಚ್ಚಿರುವವರಿಗೆ ಅದಕ್ಕಿಂತ ಭದ್ರವಾದದ್ದಿಲ್ಲ. ಯಾವುದೇ ಬಗೆಯಿರಲಿ, ತೆಳುವಾದ ಕರವಸ್ತ್ರವನ್ನು ಹರಳುಗಳ ಮೇಲೆ ಮೆಲ್ಲಗೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಅಲ್ಲಿ ಕೊಕ್ಕೆ ಎದ್ದಿದೆ. ಅದು ನಾಳೆ ರೇಷ್ಮೆ ಸೀರೆಯ ಸೆರಗನ್ನೂ ಹಿಡಿಯುತ್ತದೆ. ಕಿವಿಯ ಬಳಿ ಹಿಡಿದು ಮೆಲ್ಲನೆ ಅಲುಗಿಸಿ ಕೇಳಿ. ಕೀಲಿನ ಮೆದು ಸದ್ದಿನ ನಡುವೆ ಸಣ್ಣ ಟಿಕ್ ಟಿಕ್ ಕೇಳಿದರೆ ಹರಳೊಂದು ಮನೆಯಲ್ಲಿ ಅಲ್ಲಾಡುತ್ತಿರಬಹುದು.

ಹಿಂಬದಿಯಲ್ಲಿ ಪ್ರತಿ ಮನೆಯೂ ತೆರೆದಿರಬೇಕು. ಮುಚ್ಚಿದ್ದರೆ ಅರಿಸಿನ, ಎಣ್ಣೆ, ಸಾಬೂನು ಒಳಗೆ ಸೇರಿ ಹೊರಬರುವುದಿಲ್ಲ, ಹರಳು ಮಂಕಾಗುತ್ತದೆ. ಅಂಚುಗಳನ್ನು ಬೆರಳಿನಿಂದ ಸವರಿ. ಚರ್ಮಕ್ಕೆ ತಾಗುವ ಕಡೆ ನುಣುಪಾಗಿರಬೇಕು. ಒಳಗೆ ಕಾಣದ ಕಡೆಯಲ್ಲೂ ಹೊಳಪು ಕೊಟ್ಟಿರುವ ಕೆಲಸಗಾರ ಉಳಿದ ಕಡೆ ಅವಸರ ಮಾಡಿರಲಾರ.

ಕೊನೆಗೆ ಕೊಂಡಿ. ಒಳ್ಳೆಯ ಟೆನಿಸ್ ಬ್ರೇಸ್‌ಲೆಟ್‌ನಲ್ಲಿ ಇರುವುದು ಪೆಟ್ಟಿಗೆ ಲಾಕ್: ಮಡಿಸಿದ ಲೋಹದ ನಾಲಗೆ ಪುಟ್ಟ ಪೆಟ್ಟಿಗೆಯೊಳಗೆ ಹೋಗಿ ‘ಟಕ್’ ಎಂದು ಕೂರುತ್ತದೆ. ಆ ಸದ್ದು ಸ್ಪಷ್ಟವಾಗಿ ಕೇಳಬೇಕು. ನಾಲಗೆ ಸ್ಪ್ರಿಂಗಿನಂತೆ ಕೆಲಸ ಮಾಡುವುದರಿಂದ ವರ್ಷಗಳ ಬಳಕೆಯಲ್ಲಿ ಸೊರಗುತ್ತದೆ, ಆದ್ದರಿಂದ ಅದರ ಜೊತೆಗೆ ಎಂಟರ ಆಕಾರದ ಸುರಕ್ಷಾ ಕೊಕ್ಕೆ ಬೇಕೇ ಬೇಕು. ಎರಡು ಪಕ್ಕಕ್ಕೂ ಇದ್ದರೆ ಇನ್ನೂ ಒಳ್ಳೆಯದು. ಲಾಕ್ ಬಿಟ್ಟರೂ ಒಡವೆ ಕೈಬಿಡದಂತೆ ಕಾಯುವುದು ಅದೇ. ಹತ್ತು ಸಲ ತೆಗೆದು ಹಾಕಿ ನೋಡಿ, ನಾಚಿಕೆ ಬೇಡ. ಸುರಕ್ಷಾ ಕೊಕ್ಕೆಯಿಲ್ಲದ ಬ್ರೇಸ್‌ಲೆಟ್ ಇಷ್ಟವಾಗಿಬಿಟ್ಟರೆ ಅದನ್ನು ಸೇರಿಸಿಕೊಡಲು ಹೇಳಿ. ಒಪ್ಪದಿದ್ದರೆ ಎದ್ದು ಬನ್ನಿ. ತೆಳು ಸರಕ್ಕೆ ಹಾಕುವಂಥ ಚಿಕ್ಕ ಉಂಗುರದ ಕೊಂಡಿ ಹಾಕಿದ್ದರೆ ಮುಂದಿನದನ್ನು ನೋಡುವ ಅಗತ್ಯವೇ ಇಲ್ಲ.

ಉದ್ದ

ಮಣಿಕಟ್ಟಿನ ಮೂಳೆಯ ಬಳಿ ದಾರ ಸುತ್ತಿ ಸ್ಕೇಲಿನಲ್ಲಿ ಅಳೆಯಿರಿ, ಒಂದರಿಂದ ಒಂದೂವರೆ ಸೆಂಟಿಮೀಟರ್ ಸೇರಿಸಿ. ಬಹಳಷ್ಟು ಹೆಂಗಸರಿಗೆ ಆರೂವರೆಯಿಂದ ಏಳು ಅಂಗುಲ ಬರುತ್ತದೆ. ತೊಟ್ಟ ಮೇಲೆ ಕಿರುಬೆರಳು ಒಳಗೆ ತೂರಬೇಕು, ಅಂಗೈ ಮೇಲೆ ಜಾರಬಾರದು. ಸಡಿಲವಾದದ್ದು ಹೆಚ್ಚು ಏಟು ತಿನ್ನುತ್ತದೆ, ಬಿಗಿಯಾದದ್ದು ಕೀಲುಗಳನ್ನು ಜಗ್ಗುತ್ತದೆ. ಬಿಸಿಲುಗಾಲದ ಸಂಜೆ ಕೈ ತುಸು ಊದಿರುವಾಗ ಅಳೆಯುವುದು ಜಾಣತನ. ಸಾಲಿನಿಂದ ಕೆಲವು ಹರಳಿನ ಮನೆಗಳನ್ನು ತೆಗೆಸಿ ಚಿಕ್ಕದು ಮಾಡಿಸಿದರೆ ತೆಗೆದ ಹರಳು, ಚಿನ್ನ ಎರಡನ್ನೂ ಕೇಳಿ ಮನೆಗೆ ತನ್ನಿ. ಮುಂದೆ ಒಂದು ಹರಳು ಬಿದ್ದಾಗ ಅದಕ್ಕಿಂತ ಚೆನ್ನಾಗಿ ಹೊಂದುವ ಹರಳು ಬೇರೆಲ್ಲೂ ಸಿಗುವುದಿಲ್ಲ.

ಬಿಲ್ ಓದುವುದು

ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಕಡ್ಡಾಯ. 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಯನ್ನೂ ಬೇರೆಯಾಗಿ ಗುರುತಿಸುವ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಸಂಖ್ಯೆಯಿಲ್ಲದ ಒಡವೆಯನ್ನು ಮಾರುವಂತಿಲ್ಲ. ಆ ಸಂಖ್ಯೆ ಕೊಂಡಿಯ ಬಳಿ ಕೆತ್ತಿರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಶುದ್ಧತೆ, ಒಡವೆಯ ಬಗೆ ಎಲ್ಲ ತೋರಿಸುತ್ತದೆ. ಹಾಲ್‌ಮಾರ್ಕ್ ಹೇಳುವುದು ಚಿನ್ನವನ್ನು ಕುರಿತು ಮಾತ್ರ. ವಜ್ರದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ, ಅದಕ್ಕೆ ಬೇರೆ ಪ್ರಮಾಣಪತ್ರ.

ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ಚಿನ್ನದ ತೂಕ, ಹರಳಿನ ತೂಕ ಬೇರೆ ಬೇರೆ ಇರಬೇಕು. ಐದು ಕ್ಯಾರೆಟ್ ಒಂದು ಗ್ರಾಂ. ಒಡವೆ 11 ಗ್ರಾಂ ತೂಗಿ ಹರಳು 3 ಕ್ಯಾರೆಟ್ ಇದ್ದರೆ ಚಿನ್ನ 10.4 ಗ್ರಾಂ. ವಜ್ರಕ್ಕೆ ಬೇರೆ ಬೆಲೆ ಹಾಕಿದ ಮೇಲೆ ಅದೇ ವಜ್ರದ 0.6 ಗ್ರಾಮಿಗೆ ಚಿನ್ನದ ಬೆಲೆಯನ್ನೂ ಹಾಕಬಾರದು. ಲೆಕ್ಕಕ್ಕೆ ಸುಲಭವಾಗಲೆಂದು 24 ಕ್ಯಾರೆಟ್ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 18 ಕ್ಯಾರೆಟ್ ಅದರ ಮುಕ್ಕಾಲು ಪಾಲು, 7,500. ಚಿನ್ನದ ಬೆಲೆ 78,000 ಆಯಿತು. 18 ಕ್ಯಾರೆಟ್ ಒಡವೆಗೆ 22 ಕ್ಯಾರೆಟ್ ದರ ಹಾಕಿದ್ದಾರೆಯೇ ಎಂದು ಇಲ್ಲೇ ಗೊತ್ತಾಗುತ್ತದೆ. ಅದರ ಮೇಲೆ ಮಜೂರಿ, ಹರಳಿನ ಬೆಲೆ, ಒಟ್ಟಿಗೆ ಶೇ 3 ಜಿಎಸ್‌ಟಿ. ಮಜೂರಿಯಲ್ಲಿ ಚೌಕಾಸಿ ಮಾಡಬಹುದು, ಆದರೆ ಹಿಂಬದಿ ಚೆನ್ನಾಗಿರುವ ಒಡವೆಗೆ ಮಜೂರಿ ಹೆಚ್ಚಿದ್ದರೆ ನಾನು ಬಹಳ ಜಗ್ಗಾಡುವುದಿಲ್ಲ. ಹಣ ಹೋಗಬೇಕಾದ ಜಾಗವೇ ಅದು. ‘ಮಜೂರಿ ಪೂರ್ತಿ ಉಚಿತ’ ಎಂಬ ಹಬ್ಬದ ಜಾಹೀರಾತು ಕಂಡರೆ ವಜ್ರದ ದರವನ್ನು ಇನ್ನೊಂದು ಅಂಗಡಿಯೊಂದಿಗೆ ಹೋಲಿಸಿ ನೋಡಿ.

ಎರಡು ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ, ಎರಡು ಲಕ್ಷ ದಾಟಿದ ಖರೀದಿಗೆ ಪ್ಯಾನ್ ಕೇಳುತ್ತಾರೆ. ಮರುಖರೀದಿಯ ಮಾತನ್ನು ಬರಹದಲ್ಲಿ ಪಡೆಯಿರಿ: ಚಿನ್ನಕ್ಕೆ ಎಷ್ಟು, ಹರಳಿಗೆ ಎಷ್ಟು, ನಗದೋ ಬದಲಿ ಒಡವೆಯೋ. ಬಿದ್ದ ಹರಳನ್ನು ಉಚಿತವಾಗಿ ಕೂರಿಸಿಕೊಡುವ ಅವಧಿ ಎಷ್ಟು ಎಂಬುದನ್ನೂ ಅದರಲ್ಲೇ ಬರೆಸಿ.

ತೊಡುವುದು, ತೊಳೆಯುವುದು

ಬರೆಯುವ ಕೈಗೆ ಬೇಡ, ಇನ್ನೊಂದಕ್ಕೆ ತೊಡಿ. ಚಿನ್ನದ ಬಳೆಗಳ ನಡುವೆ ತುರುಕಬೇಡಿ. ವಜ್ರ ಚಿನ್ನವನ್ನು ಗೀರುತ್ತದೆ, 22 ಕ್ಯಾರೆಟ್ ಬಳೆಯ ಅಂಚು ತಿಂಗಳುಗಳಲ್ಲೇ ಒರಟಾಗುತ್ತದೆ. ಗಡಿಯಾರಕ್ಕೂ ಇದೇ ಗತಿ. ಪೆಟ್ಟಿಗೆಯಲ್ಲೂ ಬೇರೆ ಚೀಲದಲ್ಲಿ, ಲಾಕ್ ಹಾಕಿಯೇ ಇಡಿ. ಚಪಾತಿ ಹಿಟ್ಟು ನಾದುವಾಗ, ವ್ಯಾಯಾಮಕ್ಕೆ, ಈಜುಕೊಳಕ್ಕೆ ತೆಗೆದಿಡಿ. ಕೊಳದ ಕ್ಲೋರಿನ್ ಚಿನ್ನದೊಳಗಿನ ಬೆರಕೆ ಲೋಹವನ್ನು ಕೊರೆಯುತ್ತದೆ. ಒಬ್ಬರೇ ಇರುವಾಗ ಲಾಕ್ ಹಾಕುವುದು ಕಷ್ಟವಾದರೆ ಒಂದು ತುದಿಯನ್ನು ಚೂರು ಟೇಪಿನಿಂದ ಕೈಗೆ ಅಂಟಿಸಿಕೊಂಡು ಇನ್ನೊಂದನ್ನು ತನ್ನಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮಕ್ಕಳ ಮೆದು ಹಲ್ಲುಜ್ಜುವ ಬ್ರಷ್. ಉಜ್ಜಬೇಕಾದದ್ದು ಹಿಂಬದಿಯನ್ನು. ಚಿನ್ನಕ್ಕೆ ಅಂಟುವಾಳ ಬಳಸುವ ಮನೆಗಳಲ್ಲಿ ಅದರ ನೊರೆಯೂ ಆಗುತ್ತದೆ. ತೊಳೆಯುವ ತೊಟ್ಟಿಯಲ್ಲಿ ಮಾತ್ರ ಬೇಡ, ಬಟ್ಟಲಿನಲ್ಲಿ ತೊಳೆಯಿರಿ. ನೀರನ್ನು ಚೆಲ್ಲುವ ಮುನ್ನ ಬಟ್ಟೆಯಲ್ಲಿ ಸೋಸಿ. ಕಂಪನದಿಂದ ತೊಳೆಯುವ ಯಂತ್ರ ಸಡಿಲ ಹರಳನ್ನು ಉದುರಿಸಿಬಿಡುತ್ತದೆ, ಅದನ್ನು ಪ್ರಾಂಗ್ ಪರೀಕ್ಷಿಸಿದ ಮೇಲೆ ಅಂಗಡಿಯವರೇ ಬಳಸಲಿ. ದಿನವೂ ತೊಡುವವರು ಆರು ತಿಂಗಳಿಗೊಮ್ಮೆ ಅಕ್ಕಸಾಲಿಗರಿಗೆ ತೋರಿಸಿ ಕೀಲು, ಕೊಕ್ಕೆ, ಲಾಕಿನ ನಾಲಗೆ ಬಿಗಿ ಮಾಡಿಸಬೇಕು.

ಒಂದು ಹರಳು ಬಿದ್ದಿದೆ ಎಂದು ಕಂಡ ಕೂಡಲೇ ಬ್ರೇಸ್‌ಲೆಟ್ ತೆಗೆದು ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಒಂದು ಬಿದ್ದ ಕಡೆ ಪಕ್ಕದ್ದೂ ಸಡಿಲವಾಗಿರುವುದುಂಟು. ಆ ದಿನ ಮನೆ ಗುಡಿಸುವುದನ್ನು ನಿಲ್ಲಿಸಿ, ದೀಪ ಆರಿಸಿ ಮೊಬೈಲಿನ ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ಹುಡುಕಿ. ಅಡ್ಡಬೆಳಕಿಗೆ ಸಣ್ಣ ಹರಳೂ ಮಿನುಗುತ್ತದೆ. ಅಂಗಿಯ ತೋಳಿನ ಮಡಿಕೆ, ಹಾಸಿಗೆಯ ಅಂಚು, ಬಚ್ಚಲಿನ ಜಾಲರಿ, ವಾಷಿಂಗ್ ಮಷಿನ್ನಿನ ಸೋಸು ಚೀಲ ನೋಡಿ. ಸಿಗದಿದ್ದರೆ ಪ್ರಮಾಣಪತ್ರವನ್ನೂ ಬಿಲ್ಲನ್ನೂ ಅಂಗಡಿಗೆ ಒಯ್ದು, ಹೊಸ ಹರಳು ಅದೇ ಮಿಲಿಮೀಟರ್, ಅದೇ ಬಣ್ಣ, ಗಣಿಯದಾದರೆ ಗಣಿಯದು ಎಂದು ಕೆಲಸದ ಚೀಟಿಯಲ್ಲಿ ಬರೆಸಿ; ಒಡವೆಯನ್ನು ಕೊಡುವ ಮುನ್ನ ತೂಕ ಮಾಡಿಸಿ, ಹರಳುಗಳನ್ನು ಎಣಿಸಿ, ಹಿಂಬದಿಯ ಫೋಟೊ ತೆಗೆದುಕೊಳ್ಳಿ.